ಹೊಗೆಯ ದಾರಿ, ಉಸಿರಿನ ದಾರಿ

ಹಳೆಯ ಕಾರೊಂದರ ಬಾನೆಟ್ಟನ್ನು ಎತ್ತಿ ಹಿಡಿದು ನಿಂತವರ ಕಣ್ಣು ಕಾರ್ಬ್ಯುರೇಟರುಗಳ ಮೇಲೋ, ವಾಲ್ವ್ ಕವರಿನ ಹೊಳಪಿನ ಮೇಲೋ, ಟರ್ಬೋ ಇದ್ದ ಪಕ್ಷದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಅದರ ಒಡಲಿನ ಮೇಲೋ ನೆಲೆಸುವುದು ಸಹಜವಾದರೂ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮತ್ತು ಅವುಗಳ ಹೊಗೆಯನ್ನು ಒಂದೆಡೆಗೆ ಕೂಡಿಸುವ ಎರಡು ಕೊಳವೆಗೊಂಚಲುಗಳನ್ನು, ಎಂದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳನ್ನು, ನಿಂತು ನೋಡುವವರು ವಿರಳ. ಟರ್ಬೋಚಾರ್ಜರಿನ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಚಕ್ರಗಳ, ಬೇರಿಂಗುಗಳ, ಮಿಶ್ರಲೋಹಗಳ ಚರಿತ್ರೆಯನ್ನಾಗಿಯೇ ಅದನ್ನು ಬರೆದಿರುವರು. ಆದರೆ ಆ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ, ಚಕ್ರವು ಸಿದ್ಧವಾಗಿದ್ದರೂ ಅದಕ್ಕೆ ಹೊಗೆಯನ್ನು ಒಯ್ಯುವ ದಾರಿ ಸರಿಯಾಗುವವರೆಗೆ ಕಾರ್ಯಸಿದ್ಧಿಯಾಗಲಿಲ್ಲವೆಂಬುದೂ, ಇಂದು ಹಳೆಯ ಕಾರಿಗೆ ತನ್ನ ಕೈಯಾರೆ ಮ್ಯಾನಿಫೋಲ್ಡನ್ನು ಕಟ್ಟುವ ಕುಶಲಿಯು ಪರಿಹರಿಸಬೇಕಾದ ಸಮಸ್ಯೆ ನೂರು ವರ್ಷಗಳ ಹಿಂದೆ ಟರ್ಬೋವಿನ ನಿರ್ಮಾತೃವನ್ನು ಕಾಡಿದ ಸಮಸ್ಯೆಯೇ ಎಂಬುದೂ ನನಗೆ ಸ್ಪಷ್ಟವಾಗುತ್ತ ಬಂದಿದೆ.

ಆ ನಿರ್ಮಾತೃ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಷಿ. ಇಂಧನವನ್ನು ಸುಟ್ಟು ಪಡೆದ ಉಷ್ಣದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೊಗೆಯೊಡನೆ ವ್ಯರ್ಥವಾಗಿ ಹೋಗುವುದನ್ನು ಕಂಡು, ಆ ಹೊಗೆಯಿಂದಲೇ ಒಂದು ಟರ್ಬೈನನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ, ಎಂದರೆ ಕಂಪ್ರೆಸರಿನಿಂದ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ಊಡಬಹುದೆಂಬ ಕಲ್ಪನೆಗೆ ಅವನು ಪೇಟೆಂಟನ್ನು ಕೋರಿದುದು 1905ರಲ್ಲಿ. ಕಲ್ಪನೆ ನಿರ್ದುಷ್ಟವಾಗಿದ್ದರೂ ಪ್ರಯೋಗಗಳು ಫಲಿಸದೆ ಇಪ್ಪತ್ತು ವರ್ಷಗಳು ಸಂದುವು. ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಂದೇ ಕೊಳವೆಗೆ ಬಿಟ್ಟಾಗ, ಒಂದು ಸಿಲಿಂಡರ್ ಹೊರಗೆ ತಳ್ಳಿದ ಒತ್ತಡದ ಅಲೆಯು, ತನ್ನ ಹೊಗೆಯನ್ನು ಇನ್ನೂ ಪೂರ್ತಿಯಾಗಿ ಕಳೆದುಕೊಳ್ಳದ ಮತ್ತೊಂದರ ಬಾಗಿಲಿಗೆ ಬಂದು ಅಡ್ಡವಾಗುತ್ತಿದ್ದಿತು. 1925ರಲ್ಲಿ ಬ್ಯೂಷಿ ಕಂಡುಕೊಂಡ ಉಪಾಯ ಚಕ್ರಕ್ಕೆ ಸಂಬಂಧಿಸಿದುದಲ್ಲ, ಕೊಳವೆಗೆ ಸಂಬಂಧಿಸಿದುದು. ಪರಸ್ಪರ ಬಾಧಿಸದಂತೆ ಸರದಿಯಲ್ಲಿ ದೂರವಿರುವ ಸಿಲಿಂಡರುಗಳನ್ನು ಒಂದೊಂದು ಗುಂಪಾಗಿ ವಿಂಗಡಿಸಿ, ಪ್ರತಿಯೊಂದು ಗುಂಪಿನ ಹೊಗೆಯನ್ನೂ ಬೇರೆ ಬೇರೆ ಕಿರುಗೊಳವೆಗಳಲ್ಲಿ ಟರ್ಬೈನಿನವರೆಗೆ ಒಯ್ದು, ಒಳ ಹೊರ ವಾಲ್ವುಗಳೆರಡೂ ಕೆಲಕಾಲ ಒಟ್ಟಿಗೆ ತೆರೆದಿರುವಂತೆ ಮಾಡಿ ಹೊಸ ಗಾಳಿಯಿಂದಲೇ ಹಳೆಯ ಹೊಗೆಯನ್ನು ಗುಡಿಸಿ ಹಾಕುವ ಈ ಕ್ರಮದಿಂದ, ಜರ್ಮನಿಯ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್‌ಜಿಗ್’ ಎಂಬ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳ ಶಕ್ತಿ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿತು.

ವಿಮಾನಗಳ ಅಧ್ಯಾಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಫ್ರಾನ್ಸಿನಲ್ಲಿ ಒಗ್ಯುಸ್ತ್ ರಾತೋ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್ನಿಗೆ ಟರ್ಬೋವನ್ನು ಜೋಡಿಸಿದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಜಿನ್ನೊಂದನ್ನು 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿ, ತೆಳುಗಾಳಿಯಲ್ಲಿ ಎಂಜಿನ್ನು ಕಳೆದುಕೊಂಡ ಬಲವನ್ನು ಟರ್ಬೋ ಹಿಂದಿರುಗಿಸುವುದನ್ನು ತೋರಿಸಿದನು. ನಮ್ಮ ವಿಷಯಕ್ಕೆ ವಿಮಾನೋದ್ಯಮವಿತ್ತ ಹೆಚ್ಚಿನ ಕೊಡುಗೆ ಬೇರೆಯದು. ಹೊತ್ತಿಕೊಳ್ಳುವ ಸ್ವಭಾವದ ಮೆಗ್ನೀಷಿಯಮ್ ತಗಡುಗಳನ್ನು ಬೆಸೆಯುವ ಮಾರ್ಗವನ್ನು ಅರಸುತ್ತಿದ್ದ ನಾರ್ತ್ರಪ್ ಕಾರ್ಖಾನೆಯ ರಸೆಲ್ ಮೆರಿಡಿತ್, 1941ರ ಸುಮಾರಿಗೆ, ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಕಿಡಿಯನ್ನು ಹೊರಡಿಸಿ ಅದರ ಸುತ್ತ ಹೀಲಿಯಮ್ ಅನಿಲದ ತೆರೆಯನ್ನು ಕವಿಸುವ ವಿಧಾನವನ್ನು ರೂಪಿಸಿದನು. ಮುಂದೆ ಹೀಲಿಯಮ್ಮಿನ ಸ್ಥಾನಕ್ಕೆ ಬಹುಪಾಲು ಆರ್ಗಾನ್ ಬಂದು, ನಮ್ಮ ವರ್ಕ್‌ಷಾಪುಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ಎಂದೇ ರೂಢವಾದ ಈ ವಿದ್ಯೆ ಇಲ್ಲದಿದ್ದರೆ, ಅಚ್ಚನ್ನೂ ಕುಲುಮೆಯನ್ನೂ ಆಶ್ರಯಿಸದೆ ಒಬ್ಬ ಮನುಷ್ಯನು ತನ್ನ ಮೇಜಿನ ಮೇಲೆಯೇ ಅಲ್ಯೂಮಿನಿಯಮ್ ಇನ್‌ಟೇಕನ್ನೂ ಸ್ಟೇನ್‌ಲೆಸ್ ಉಕ್ಕಿನ ಎಕ್ಸಾಸ್ಟನ್ನೂ ಇಷ್ಟು ಶುದ್ಧವಾಗಿ ಕಟ್ಟುವುದು ಸಾಧ್ಯವಾಗುತ್ತಿರಲಿಲ್ಲ.

ಗಾಳಿಯ ದಾರಿಯ ಚರಿತ್ರೆ ಬೇರೊಂದು ಕಡೆಯಿಂದ ಹರಿದುಬಂದಿತು. 1932ರಲ್ಲಿ ಫೋರ್ಡ್ ಕಂಪೆನಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ-8 ಎಂಜಿನ್ನನ್ನು ಕೊಟ್ಟ ಮೇಲೆ, ಕ್ಯಾಲಿಫೋರ್ನಿಯದ ಮ್ಯೂರಾಕ್ ಮತ್ತು ಎಲ್ ಮಿರಾಜ್ ಎಂಬ ಒಣಸರೋವರಗಳ ಬಯಲಿನಲ್ಲಿ ವೇಗವನ್ನು ಪರೀಕ್ಷಿಸುತ್ತಿದ್ದ ತರುಣರು ಒಂದು ಕಾರ್ಬ್ಯುರೇಟರಿನ ಬದಲು ಎರಡನ್ನು ಕೂರಿಸಲು ಬೇಕಾದ ಮ್ಯಾನಿಫೋಲ್ಡನ್ನು ತಾವೇ ಎರಕ ಹೊಯ್ಯಿಸತೊಡಗಿದರು. ಅವರಲ್ಲೊಬ್ಬನಾದ ವಿಕ್ ಎಡೆಲ್‌ಬ್ರಾಕನ ಮ್ಯಾನಿಫೋಲ್ಡು ಮುಂದೆ ಒಂದು ದೊಡ್ಡ ಉದ್ಯಮಕ್ಕೇ ಬೀಜವಾಯಿತು. ಆದರೆ ಕೊಳವೆಯ ಉದ್ದವೇ ಒಂದು ಶಕ್ತಿಯೆಂಬ ತತ್ತ್ವವನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಸಾರಿದುದು 1960ರ ಕ್ರೈಸ್ಲರ್ 300 ಎಫ್. ಎಂಜಿನ್ನಿನ ಒಂದು ಪಕ್ಕದ ಸಿಲಿಂಡರುಗಳಿಗೆ ಎದುರು ಪಕ್ಕದ ಕಾರ್ಬ್ಯುರೇಟರಿನಿಂದ ಗಾಳಿ ಬರುವಂತೆ, 30 ಅಂಗುಲ ಉದ್ದದ ನಳಿಕೆಗಳನ್ನು ಅದರಲ್ಲಿ ಎಂಜಿನ್ನಿನ ಮೇಲೆ ಅಡ್ಡಡ್ಡಲಾಗಿ ಹಾಯಿಸಿದ್ದರು. ಒಳವಾಲ್ವು ತೆರೆದೊಡನೆ ಎಳೆತದ ಅಲೆಯೊಂದು ಕೊಳವೆಯಲ್ಲಿ ಹಿಂದಕ್ಕೆ ಓಡಿ, ತೆರೆದ ತುದಿಯನ್ನು ಮುಟ್ಟಿ, ಒತ್ತಡದ ಅಲೆಯಾಗಿ ಮರಳುವುದುಂಟು. ವಾಲ್ವು ಮುಚ್ಚುವ ಮೊದಲು ಅದು ಬಂದು ತಲುಪಿದರೆ, ಯಾವ ಯಂತ್ರದ ಸಹಾಯವೂ ಇಲ್ಲದೆ ಇನ್ನಷ್ಟು ಗಾಳಿ ಸಿಲಿಂಡರಿನೊಳಕ್ಕೆ ಸೇರುವುದು. ಲೆಕ್ಕ ಕಠಿನವಾದುದಲ್ಲ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ನೂರರಲ್ಲೊಂದು ಪಾಲು. ವಾಲ್ವು 240 ಡಿಗ್ರಿಗಳಷ್ಟು ತೆರೆದಿರುವುದಾದರೆ ದೊರೆಯುವ ಅವಧಿ ಅದರಲ್ಲಿ ಮೂರನೆಯ ಎರಡು ಭಾಗ. ಸೆಕೆಂಡಿಗೆ 340 ಮೀಟರ್ ಸಾಗುವ ಶಬ್ದವು ಅಷ್ಟರಲ್ಲಿ ಕ್ರಮಿಸುವ ದೂರ ಸುಮಾರು ಎರಡೂಕಾಲು ಮೀಟರ್. ವೇಗ ಕಡಮೆಯಾದಂತೆ ಕೊಳವೆ ಉದ್ದವಾಗಬೇಕು, ಹೆಚ್ಚಿದಂತೆ ಗಿಡ್ಡವಾಗಬೇಕು. ಅದರಿಂದಲೇ, ಹೆಚ್ಚಿನ ವೇಗದ ಬಳಕೆಗಾಗಿ ಕ್ರೈಸ್ಲರ್‌ನವರು ಮಾಡಿದ ಇನ್ನೊಂದು ಬಗೆಯಲ್ಲಿ, ಹೊರಗಿನ ರೂಪವನ್ನು ಹಾಗೆಯೇ ಉಳಿಸಿ ಒಳಗಿನ ಅಡ್ಡಗೋಡೆಗಳನ್ನು ಮಾತ್ರ ತೆಗೆದು, ಕೊಳವೆಯ ಕಾರ್ಯಕಾರಿ ಉದ್ದವನ್ನು 15 ಅಂಗುಲಕ್ಕೆ ಇಳಿಸಿದರು. ಕಣ್ಣಿಗೆ ಒಂದೇ ಆಗಿ ತೋರುವ ಎರಡು ವಸ್ತುಗಳ ನಡುವೆ ಇಷ್ಟು ಭೇದವಿರಬಲ್ಲುದೆಂಬುದು ಈ ವಿದ್ಯೆಯನ್ನು ಕಲಿಯುವವನು ಎಂದಿಗೂ ಮರೆಯಬಾರದ ಸಂಗತಿ.

ಗಾಳಿ ಎಲ್ಲಿಂದ ಹೊರಟುಬರಬೇಕೆಂಬ ಪ್ರಶ್ನೆಯೂ ಹಗುರವಾದುದಲ್ಲ. 1952ರ ಇಂಡಿಯಾನಾಪೊಲಿಸ್ 500 ಪಂದ್ಯಕ್ಕೆ ಟರ್ಬೋಸಹಿತವಾದ ಕಮಿನ್ಸ್ ಡೀಸೆಲ್ ಕಾರು, ಫ್ರೆಡ್ ಅಗಬಾಷಿಯನ್‌ನ ಸಾರಥ್ಯದಲ್ಲಿ, ಅರ್ಹತಾಸುತ್ತುಗಳಲ್ಲಿ ಎಲ್ಲರನ್ನೂ ಮೀರಿಸಿ ಮೊದಲ ಸ್ಥಾನದಿಂದ ಹೊರಟಿತು. ಆದರೆ ಕೆಳಮಟ್ಟದಲ್ಲಿ ತೆರೆದುಕೊಂಡಿದ್ದ ಕಂಪ್ರೆಸರಿನ ಬಾಯಿಗೆ ಹಾದಿಯ ಮೇಲಿನ ಟೈರಿನ ಚೂರುಗಳು ತುಂಬಿಕೊಂಡು ಎಂಜಿನ್ನು ಉಸಿರು ಕಟ್ಟಿ, ಪಂದ್ಯದ ಮಧ್ಯದಲ್ಲಿಯೇ ಹಿಮ್ಮೆಟ್ಟಬೇಕಾಯಿತು.

ಮಾರಾಟದ ಕಾರುಗಳಿಗೆ ಟರ್ಬೋ ಬಂದುದು 1962ರಲ್ಲಿ, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕಾರ್ವೇರ್‌ಗಳ ಮೂಲಕ. ಇವೆರಡರಲ್ಲಿಯೂ ಕಾರ್ಬ್ಯುರೇಟರು ಟರ್ಬೋವಿಗಿಂತ ಮೊದಲು ಇದ್ದುದರಿಂದ, ಪೆಟ್ರೋಲಿನೊಡನೆ ಬೆರೆತ ಗಾಳಿಯೇ ಕಂಪ್ರೆಸರಿನ ಮೂಲಕ ಹಾದು ಉದ್ದದ ದಾರಿಯಲ್ಲಿ ಸಾಗಬೇಕಾಗಿದ್ದಿತು. 1973ರ ಬಿ.ಎಂ.ಡಬ್ಲ್ಯು. 2002 ಟರ್ಬೋ, ಅದರ ಬೆನ್ನಲ್ಲೇ ಪೋರ್ಷೆ 911 ಟರ್ಬೋ, ಇಂಧನವನ್ನು ಇಂಜೆಕ್ಷನ್ನಿನಿಂದ ಕೊಟ್ಟು ಆ ತೊಡಕನ್ನು ದಾಟಿದುವು; 1980ರ ಲೋಟಸ್ ಎಸ್ಪ್ರಿಯಲ್ಲಿ ಕಾರ್ಬ್ಯುರೇಟರನ್ನೇ ಉಳಿಸಿಕೊಂಡು, ಟರ್ಬೋ ಒತ್ತಿದ ಗಾಳಿಯನ್ನು ಅದರ ಮೂಲಕ ಊದಿಸುವ ಕ್ರಮವನ್ನು ಅನುಸರಿಸಿದರು. ಈ ನಡುವೆ ಜಪಾನಿನಲ್ಲಿ 1973ರಲ್ಲಿ ಹಿರೊಯುಕಿ ಹಸೆಗಾವಾ ಸ್ಥಾಪಿಸಿದ ಎಚ್.ಕೆ.ಎಸ್. ಸಂಸ್ಥೆಯಂಥವು, ಕಾರಿನ ಒಡೆಯನೇ ಕೊಂಡು ಜೋಡಿಸಿಕೊಳ್ಳಬಹುದಾದ ಟರ್ಬೋ ಕಿಟ್ಟುಗಳನ್ನು ತಂದುವು. ಕಾರ್ಖಾನೆಯ ಗುಟ್ಟಾಗಿದ್ದುದು ಹವ್ಯಾಸಿಯ ಗ್ಯಾರೇಜಿಗೆ ಇಳಿದುದು ಈ ಘಟ್ಟದಲ್ಲಿ.

ಇಂದಿನ ಸ್ಥಿತಿಯನ್ನು ತಿಳಿಯಲು ಒಂದೇ ಕಾರನ್ನು ಹತ್ತಿರದಿಂದ ನೋಡುವುದು ಲೇಸು. 1969ರಲ್ಲಿ ಬಂದ ಡಾಟ್ಸನ್ 240 ಝಡ್‌ನ ಎಲ್-24 ಎಂಜಿನ್ನಿನಲ್ಲಿ ಸಾಲಾಗಿ ಆರು ಸಿಲಿಂಡರುಗಳು, 2393 ಸಿ.ಸಿ.; ಗಾಳಿ ಒಳಬರುವ ಕಿಂಡಿಗಳೂ ಹೊಗೆ ಹೊರಹೋಗುವ ಕಿಂಡಿಗಳೂ ಹೆಡ್ಡಿನ ಒಂದೇ ಪಕ್ಕದಲ್ಲಿ. ಆದುದರಿಂದ ತಂಪಾಗಿರಬೇಕಾದ ಇನ್‌ಟೇಕು ಮೇಲೆ, ಕೆಂಪಗೆ ಕಾಯುವ ಎಕ್ಸಾಸ್ಟು ಅದರ ಅಡಿಯಲ್ಲಿ; ಎಡಗಡೆಯ ಸ್ಟೀರಿಂಗಿನ ಕಾರಾದರೆ ಅದರ ದಂಡವೂ ಅಲ್ಲಿಯೇ. 1981ರಲ್ಲಿ ಕಾರ್ಖಾನೆಯವರೇ ಅದೇ ವಂಶದ 280 ಝಡ್‌ಎಕ್ಸ್‌ಗೆ ಟರ್ಬೋ ಕೂರಿಸಿದಾಗ, ಆರು ಕಿಂಡಿಗಳನ್ನೂ ಒಂದೇ ಗಿಡ್ಡ ದೂಲದಂಥ ಬೀಡುಕಬ್ಬಿಣದ ಮ್ಯಾನಿಫೋಲ್ಡಿಗೆ ತೆರೆದು 180 ಅಶ್ವಶಕ್ತಿಯನ್ನು ಪಡೆದರು. ಆ ಎರಕವನ್ನು ಹೀನವೆನ್ನುವವರ ಪಕ್ಷ ನನ್ನದಲ್ಲ. ದಶಕಗಳ ಕಾಲ ಕಾದು ಆರಿಯೂ ಬಾಳುವ ಗುಣ ಅದರದು. ಆದರೂ ಈ ಎಂಜಿನ್ನಿನ ದಹನಕ್ರಮ 1-5-3-6-2-4. ಮುಂದಿನ ಮೂರನ್ನು ಒಂದು ಗುಂಪಾಗಿ, ಹಿಂದಿನ ಮೂರನ್ನು ಇನ್ನೊಂದಾಗಿ ಮಾಡಿದರೆ, ಸರದಿ ಗುಂಪಿನಿಂದ ಗುಂಪಿಗೆ ಜಿಗಿಯುತ್ತ, ಒಂದೇ ಗುಂಪಿನೊಳಗೆ ಎರಡು ಅಲೆಗಳ ನಡುವೆ 240 ಡಿಗ್ರಿಗಳ ಬಿಡುವು ದೊರೆಯುವುದು. ಈ ಎರಡು ಗುಂಪುಗಳನ್ನು ಬೇರೆ ಬೇರೆಯಾಗಿಯೇ ಜೋಡಿಬಾಯಿಯ ಟರ್ಬೈನಿಗೆ ಒಯ್ಯುವ ಮ್ಯಾನಿಫೋಲ್ಡನ್ನು ಕಟ್ಟುವ ಹವ್ಯಾಸಿ, ತಿಳಿದೋ ತಿಳಿಯದೆಯೋ, ಬ್ಯೂಷಿಯ 1925ರ ಪಾಠವನ್ನೇ ತನ್ನ ಕೈಯಿಂದ ಮತ್ತೆ ಬರೆಯುತ್ತಾನೆ.

ಕಟ್ಟುವ ಕೆಲಸದ ಕ್ರಮ ಹೀಗೆ. ಗ್ಯಾಸ್ಕೆಟ್ಟಿನ ಆಕಾರವನ್ನು ತೆಗೆದುಕೊಂಡು, ಅರ್ಧ ಅಂಗುಲದಷ್ಟು ದಪ್ಪದ ಉಕ್ಕಿನ ಹಲಗೆಯಿಂದ ಫ್ಲೇಂಜನ್ನು ಕೊಯ್ಯಿಸಬೇಕು. ಹಬೆಕೊಳವೆಗಳಿಗೆಂದು ತಯಾರಾಗುವ ಎಲ್ಬೋಗಳನ್ನು ಕತ್ತರಿಸಿ, ಬಳೆಯ ಚೂರುಗಳನ್ನು ಜೋಡಿಸಿದಂತೆ, ಒಂದೊಂದನ್ನೂ ಓರೆಯಾಗಿ ಉಜ್ಜಿ ಸಂದಿಲ್ಲದಂತೆ ಕೂಡಿಸಬೇಕು. ಸಾಮಾನ್ಯ ಸೈಲೆನ್ಸರ್ ಕೊಳವೆಯ ಗೋಡೆ ಒಂದೂವರೆ ಮಿಲಿಮೀಟರಿನ ಆಸುಪಾಸಿನದಾದರೆ, ಒಂದೂವರೆ ಅಂಗುಲದ ಶೆಡ್ಯೂಲ್ 10 ಎಂಬ ದರ್ಜೆಯ ಎಲ್ಬೋವಿನದು 2.77 ಮಿಲಿಮೀಟರ್; ತನ್ನ ಮೇಲೆ ಟರ್ಬೋವಿನ ಭಾರವನ್ನು ಹೊರುವ ಕೊಳವೆಗೆ ಈ ದಪ್ಪ ಬೇಕೇಬೇಕು. ಸ್ಟೇನ್‌ಲೆಸ್ಸನ್ನು ಬೆಸೆಯುವಾಗ ಹೊರಮೈಯನ್ನು ಮಾತ್ರವಲ್ಲದೆ ಒಳಮೈಯನ್ನೂ ಆರ್ಗಾನಿನಿಂದ ತುಂಬಿಡಬೇಕು. ತುದಿಗಳಿಗೆ ಬಿರಟೆಯನ್ನಿಟ್ಟು, ಸಣ್ಣ ರಬ್ಬರು ಕೊಳವೆಯಿಂದ ಅನಿಲವನ್ನು ಹರಿಸಿ, ಒಳಗಿನ ಗಾಳಿಯೆಲ್ಲ ಹೋಗುವವರೆಗೆ ಕಾದು ಬೆಸೆದ ಹೊಲಿಗೆ ಒಣಹುಲ್ಲಿನ ಬಣ್ಣದ್ದಾಗಿ ಹೊಳೆಯುವುದು. ಆತುರಪಟ್ಟವನ ಕೊಳವೆಯೊಳಗೆ ಬೆರಳಾಡಿಸಿದರೆ ಸುಟ್ಟ ಸಕ್ಕರೆಯ ಹರಳಿನಂಥ ಕಪ್ಪು ಉರುಟು ಕೈಗೆ ಹತ್ತುವುದು. ಆ ಹರಳು ಇಂದಲ್ಲ ನಾಳೆ ಕಳಚಿ, ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಟರ್ಬೈನ್ ಚಕ್ರದ ಅಲಗಿಗೆ ಬಡಿಯುವುದು.

ಉಷ್ಣವಿಸ್ತರಣದ ಬಾಧೆ ಇದಕ್ಕಿಂತಲೂ ಸೂಕ್ಷ್ಮ. ಅರವತ್ತು ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಮ್ಯಾನಿಫೋಲ್ಡು ಏಳುನೂರು ಡಿಗ್ರಿಗಳಷ್ಟು ಹೆಚ್ಚು ಕಾದರೆ ಏಳು ಮಿಲಿಮೀಟರಿಗೂ ಮೀರಿ ಬೆಳೆಯುವುದು. ನೀರಿನಿಂದ ತಣಿಯುತ್ತಿರುವ ಅಲ್ಯೂಮಿನಿಯಮ್ ಹೆಡ್ಡು ಅಷ್ಟು ಬೆಳೆಯಲೊಲ್ಲದು. ಈ ಸೆಣಸಾಟದಲ್ಲಿ ಸೀಳುವುದು ಬೆಸುಗೆಯ ಅಂಚು. ಅದರಿಂದಲೇ ಅನುಭವಿಗಳು ಫ್ಲೇಂಜನ್ನು ಕಿಂಡಿಗಳ ನಡುವೆ ಕೊಯ್ದು ಬಿಡಿಬಿಡಿಯಾಗಿಸುವರು, ಒಂದರೊಳಗೊಂದು ಜಾರುವ ಕೀಲುಗಳನ್ನಿಡುವರು, ಟರ್ಬೋವಿಗೆ ಬೇರೆ ಆಧಾರದಂಡವನ್ನು ಕೊಡುವರು. ಉದ್ದವಾದ ಸಮಾನಕೊಳವೆಗಳ ಗೊಂಚಲು ನೋಡಲು ಎಷ್ಟು ಸುಂದರವಾದರೂ, ರಸ್ತೆಯ ಮೇಲೆ ನಿತ್ಯ ಓಡುವ ಹಳೆಯ ಕಾರಿಗೆ ದಪ್ಪಗೋಡೆಯ ಗಿಡ್ಡ ವಿಭಕ್ತ ಮ್ಯಾನಿಫೋಲ್ಡೇ ಮೇಲೆಂದು ನನ್ನ ಖಚಿತವಾದ ಅಭಿಪ್ರಾಯ.

ಇನ್‌ಟೇಕಿನ ಕಡೆ, ಅಗ್ಗದ ಎಲೆಕ್ಟ್ರಾನಿಕ್ ಇಂಜೆಕ್ಷನ್ ನಿಯಂತ್ರಕಗಳು ಈ ಶತಮಾನದ ಆದಿಯಲ್ಲಿ ಬಂದ ಮೇಲೆ, ಪೆಟ್ರೋಲನ್ನು ಕಿಂಡಿಯ ಬಾಯಲ್ಲೇ ಚಿಮುಕಿಸುವುದು ಸುಲಭವಾಗಿ, ಮ್ಯಾನಿಫೋಲ್ಡಿಗೆ ಗಾಳಿಯನ್ನು ಹಂಚುವ ಕೆಲಸವೊಂದೇ ಉಳಿಯಿತು. ಎಂಜಿನ್ನಿನ ಗಾತ್ರದಷ್ಟೋ ಅದರ ಒಂದೂವರೆಯಷ್ಟೋ ಹಿಡಿಯುವ ಪೆಟ್ಟಿಗೆ, ಅದರೊಳಗೆ ತುತ್ತೂರಿಯ ಬಾಯಂತೆ ಅರಳಿದ ಆರು ನಳಿಕೆಗಳು. ಒಂದು ತುದಿಯಿಂದ ನುಗ್ಗಿದ ಗಾಳಿ ಹತ್ತಿರದ ಬಾಯಿಗಳನ್ನು ಹಾದುಹೋಗಿ ದೂರದವಕ್ಕೆ ಹೆಚ್ಚು ಸಲ್ಲುವ ದೋಷವನ್ನು ತಡೆಯಲು ಪೆಟ್ಟಿಗೆಯನ್ನು ಬಾಲದ ಕಡೆಗೆ ಕಿರಿದಾಗಿಸುತ್ತ ಹೋಗುವುದು ವಾಡಿಕೆ. ಕೊಳವೆಯ ಬಾಗುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಪ್ಲಾಸ್ಟಿಕ್ಕಿನ ಮಾದರಿಯನ್ನು ಮುದ್ರಿಸಿ ಕಾರಿನಲ್ಲಿಟ್ಟು ನೋಡಿದ ಮೇಲೆ ಲೋಹಕ್ಕೆ ಕೈಹಾಕುವುದೂ ಈಚೆಗೆ ರೂಢಿಗೆ ಬಂದಿದೆ.

ಇಷ್ಟೆಲ್ಲ ಆದಮೇಲೂ ಡಾಟ್ಸನ್ನಿನ ಕುಶಲಿಯನ್ನು ಪರೀಕ್ಷಿಸುವುದು ಒಂದು ವಾಷರು. ಮೇಲಿನ ಇನ್‌ಟೇಕು, ಕೆಳಗಿನ ಎಕ್ಸಾಸ್ಟು ಎರಡರ ಫ್ಲೇಂಜುಗಳನ್ನೂ ಕೆಲವು ಕಡೆ ಒಂದೇ ಬೋಲ್ಟು, ತನ್ನ ದಪ್ಪ ವಾಷರಿನ ಅರ್ಧವನ್ನು ಒಂದರ ಮೇಲೂ ಅರ್ಧವನ್ನು ಇನ್ನೊಂದರ ಮೇಲೂ ಊರಿ ಅದುಮಿ ಹಿಡಿಯುವುದು. ನಮ್ಮ ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿಯೂ ಎರಡು ಮ್ಯಾನಿಫೋಲ್ಡುಗಳು ಒಂದೇ ಪಕ್ಕದಲ್ಲಿದ್ದು ಇದೇ ಬಗೆಯ ಬಿಗಿತವಿರುವುದರಿಂದ, ಅದನ್ನು ಬಿಚ್ಚಿ ಕಟ್ಟಿದ ಮೆಕ್ಯಾನಿಕ್ಕುಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹೊಸದಾಗಿ ಮಾಡಿಸಿದ ಎರಡು ಫ್ಲೇಂಜುಗಳ ದಪ್ಪದಲ್ಲಿ ಅರ್ಧ ಮಿಲಿಮೀಟರಿನಷ್ಟು ಅಂತರವಿದ್ದರೂ ವಾಷರು ಓರೆಯಾಗಿ ಕುಳಿತು, ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲಿ, ಎಂಜಿನ್ನು ಕಾದೊಡನೆ ಆ ಸಂದಿನಿಂದ ಚಿಟಿಚಿಟಿಯೆಂಬ ಸದ್ದು ಹೊರಡುವುದು; ಆಗ ಮತ್ತೆ ಎಲ್ಲವನ್ನೂ ಇಳಿಸಿ, ಎರಡನ್ನೂ ಒಟ್ಟಿಗೆ ಒಂದೇ ಹಲಗೆಗೆ ಬಿಗಿದು, ಒಂದೇ ಮಟ್ಟಕ್ಕೆ ಮಿಲ್ಲಿಂಗ್ ಮಾಡಿಸಿಕೊಂಡು ಬರಬೇಕು.