ಬೈಬಲಿನ ದೋಷರಹಿತತೆಯ ವಾದ: ಕೃಷ್ಣಗಿರಿ ಮತ್ತು ಕೋಲಾರ ಚಿನ್ನದ ಗಣಿ

ಬೈಬಲಿನ ಮಾತು ಮಾತೂ ದೈವಪ್ರೇರಿತ, ಹಾಗಾಗಿ ಅದರಲ್ಲಿ ತಪ್ಪಿರಲಾರದು ಎಂಬ ವಾದಕ್ಕೂ ಕೋಲಾರ ಚಿನ್ನದ ಗಣಿಯ ಆಸುಪಾಸಿಗೂ ಹಳೆಯ ನಂಟಿದೆ. ಜರ್ಮನಿಯ ಲೈಪ್‌ಜಿಗ್ ಮಿಷನ್ನಿನ ಪಾದ್ರಿಗಳಾದ ಥಿಯೊಡೋರ್ ನೇಥರ್ ಮತ್ತು ಫ್ರಾನ್ಸ್ ಮೋನ್ ಇದೇ ವಿಚಾರಕ್ಕೆ ತಮ್ಮ ಸಂಸ್ಥೆಯೊಡನೆ ಸಂಬಂಧ ಕೆಡಿಸಿಕೊಂಡು ಹೊರಬಿದ್ದರು. ಅಮೆರಿಕದ ಮಿಸ್ಸೂರಿ ಲೂಥರನ್ ಸಿನಡ್ ಅವರನ್ನು ಸೇರಿಸಿಕೊಂಡಿತು. 1895ರಲ್ಲಿ ಕೃಷ್ಣಗಿರಿಯಲ್ಲಿ ಅದರ ಭಾರತದ ಕೆಲಸ ಆರಂಭವಾಯಿತು. ಈ ಮಿಷನ್ ಮುಂದೆ ಚಿನ್ನದ ಗಣಿಯ ತಮಿಳು ಕಾರ್ಮಿಕರ ನಡುವೆಯೂ ಬೇರು ಬಿಟ್ಟಿತು. 1958ರಲ್ಲಿ ಅದು ಇಂಡಿಯಾ ಇವ್ಯಾಂಜಲಿಕಲ್ ಲೂಥರನ್ ಚರ್ಚ್ ಆಯಿತು. ಚರಿತ್ರೆ, ಭೂಗೋಳದ ಸಂಗತಿಗಳಲ್ಲೂ ಬೈಬಲ್ ತಪ್ಪುವುದಿಲ್ಲವೆಂದು ಮಿಸ್ಸೂರಿ ಸಿನಡ್ 1932ರಲ್ಲಿ ಬರೆದೇ ಹೇಳಿತು.

ವಿರೋಧಾಭಾಸಗಳ ಪಟ್ಟಿ ಉದ್ದವಿದೆ. ಗಣಿಯೂರಿಗೆ ಒಪ್ಪುವ ಎರಡು ಸಾಕು. ಸೊಲೊಮೋನನಿಗೆ ಓಫೀರಿನಿಂದ ಬಂದ ಬಂಗಾರ ಅರಸುಗಳ ಮೊದಲನೆಯ ಪುಸ್ತಕದಲ್ಲಿ 420 ತಲಾಂತು, ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದಲ್ಲಿ 450. ದಾವೀದ ಯಜ್ಞವೇದಿ ಕಟ್ಟಲು ಕೊಂಡ ಕಣಕ್ಕೆ ಸಮುವೇಲನ ಎರಡನೆಯ ಪುಸ್ತಕದ ಪ್ರಕಾರ ಕೊಟ್ಟದ್ದು 50 ಶೆಕೆಲ್ ಬೆಳ್ಳಿ. ಪೂರ್ವಕಾಲವೃತ್ತಾಂತದ ಮೊದಲನೆಯದರಲ್ಲಿ 600 ಶೆಕೆಲ್ ಬಂಗಾರ. ಓಫೀರಿನ ಲೆಕ್ಕದ ವ್ಯತ್ಯಾಸವನ್ನು ದೋಷರಹಿತತೆಯ ಸಮರ್ಥಕರು ನಕಲುಗಾರನ ಕೈತಪ್ಪು ಎನ್ನುತ್ತಾರೆ. ಕಣದ ಲೆಕ್ಕಕ್ಕೆ, ಬೆಳ್ಳಿ ಕಣ ಮತ್ತು ಎತ್ತುಗಳ ಬೆಲೆ, ಬಂಗಾರ ಇಡೀ ನಿವೇಶನದ್ದು ಎಂಬ ಸಮಾಧಾನವಿದೆ. ನಕಲಿನ ತಪ್ಪು ಬರೀ ನೆಪವಲ್ಲ: ಯೆಹೋಯಾಖೀನ ಪಟ್ಟಕ್ಕೆ ಬಂದಾಗ 8 ವರ್ಷವೋ 18 ವರ್ಷವೋ ಎಂದು ಎರಡು ಪುಸ್ತಕಗಳು ಬೇರೆ ಬೇರೆ ಹೇಳುವ ತೊಡಕಿನಲ್ಲಿ ಕೆಲವು ಗ್ರೀಕ್ ಹಸ್ತಪ್ರತಿಗಳು ಎರಡೂ ಕಡೆ 18 ಎಂದೇ ಓದುತ್ತವೆ.

ಆದರೆ ಈ ಉತ್ತರಕ್ಕೆ ತೆರಬೇಕಾದ ಬೆಲೆ ದೊಡ್ಡದು. ದೋಷರಹಿತತೆ ಮೂಲಪ್ರತಿಗೆ ಮಾತ್ರ ಎಂದು ಈ ವಾದದ ಸಮರ್ಥಕರದೇ 1978ರ ಶಿಕಾಗೊ ಹೇಳಿಕೆ ಒಪ್ಪಿಕೊಂಡಿತು. ಮೂಲಪ್ರತಿ ಯಾರ ಬಳಿಯೂ ಇಲ್ಲ. ಮೇಲಾಗಿ, ಆ ಕಣದ ಕಥೆಗೆ ಕಾರಣವಾದ ಜನಗಣತಿಗೆ ದಾವೀದನನ್ನು ಪ್ರೇರಿಸಿದವನು ಒಂದು ಪುಸ್ತಕದಲ್ಲಿ ದೇವರು, ಇನ್ನೊಂದರಲ್ಲಿ ಸೈತಾನ. ಇದು ನಕಲುಗಾರನ ತಪ್ಪಲ್ಲ, ಬರೆದವರ ನಂಬಿಕೆಯೇ ಬದಲಾದ ಗುರುತು. ದೇವರು ಸೈತಾನನಿಗೆ ಅನುಮತಿ ಕೊಟ್ಟ ಎಂಬ ಉತ್ತರವನ್ನು ಓದುಗರೇ ತುಂಬಿಕೊಳ್ಳಬೇಕು.

ಗಣಿ ಪ್ರದೇಶದಲ್ಲಿರುವ ಬೇರೆ ಸಭೆಗಳಿಗೆ ಈ ಇಕ್ಕಟ್ಟು ಅಷ್ಟಿಲ್ಲ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ರಕ್ಷಣೆಗೆ ಬೇಕಾದದ್ದೆಲ್ಲ ಬೈಬಲಿನಲ್ಲಿದೆ ಎಂದಷ್ಟೇ ಹೇಳುತ್ತದೆ. ಕ್ಯಾಥೊಲಿಕ್ ಸಭೆಯ 1965ರ ವ್ಯಾಟಿಕನ್ ದಸ್ತಾವೇಜು ಕೂಡ ಸತ್ಯವನ್ನು ರಕ್ಷಣೆಯ ಉದ್ದೇಶಕ್ಕೆ ಜೋಡಿಸುತ್ತದೆ. ಅಂಥ ನಿಲುವಿಗೆ ಶೆಕೆಲ್ ಲೆಕ್ಕದಿಂದ ಧಕ್ಕೆಯಿಲ್ಲ. ಅಂಕಿ ಅಂಕಿಯನ್ನೂ ಪಣಕ್ಕಿಟ್ಟ ಮಿಸ್ಸೂರಿ ನಿಲುವಿಗೆ ಇದೆ. 1974ರಲ್ಲಿ ಆ ಸಿನಡ್ಡಿನದೇ ಸೇಂಟ್ ಲೂಯಿಸ್ ಸೆಮಿನರಿಯ ಬಹುಪಾಲು ಅಧ್ಯಾಪಕರು ಇದೇ ವಿವಾದದಲ್ಲಿ ಹೊರನಡೆದರು.