ಸೈಕಲ್ ಸವಾರರ ಕಣ್ಣಲ್ಲಿ ಕಾರು: ನೆದರ್ಲೆಂಡ್ಸ್‌ನ ಅನುಭವ ಮತ್ತು ನಮ್ಮ ರಸ್ತೆಗಳು

ಸೈಕಲ್ ತುಳಿಯುವವರೆಂದರೆ ಕಾರಿನ ವಿರೋಧಿಗಳು ಎಂದು ಮೊದಲೇ ತೀರ್ಮಾನಿಸಿ ಚರ್ಚೆಗೆ ಇಳಿಯುವ ರೂಢಿ ನಮ್ಮಲ್ಲಿ ಬೇರೂರಿದೆ. ಚರಿತ್ರೆ ಈ ತೀರ್ಮಾನಕ್ಕೆ ಒತ್ತಾಸೆ ಕೊಡುವುದಿಲ್ಲ. ಕಾರು ತಯಾರಿಕೆ ಬೆಳೆದು ನಿಂತದ್ದೇ ಬಹುಮಟ್ಟಿಗೆ ಸೈಕಲ್ ಕಾರ್ಖಾನೆಗಳ ಅಂಗಳದಲ್ಲಿ. ಜರ್ಮನಿಯ ಓಪೆಲ್ 1886ರಿಂದ ಸೈಕಲ್ ಮಾಡುತ್ತಿತ್ತು, ಕಾರಿಗೆ ಕೈಹಾಕಿದ್ದು 1899ರಲ್ಲಿ. ಇಂದಿನ ಸ್ಕೋಡಾ ಕಂಪನಿಯ ಮೂಲಪುರುಷರಾದ ಲಾರಿನ್ ಮತ್ತು ಕ್ಲೆಮೆಂಟ್ 1895ರಲ್ಲಿ ಸೈಕಲ್ಲಿನಿಂದಲೇ ಆರಂಭಿಸಿದವರು. ಬ್ರಿಟನ್ನಿನಲ್ಲಿ ಒಳ್ಳೆಯ ರಸ್ತೆ ಬೇಕೆಂದು 1886ರಲ್ಲಿ ರಸ್ತೆ ಸುಧಾರಣಾ ಸಂಘ ಕಟ್ಟಿದವರು ಸೈಕಲ್ ಸಂಘಟನೆಯವರು. ಮುಂದೆ ಅದೇ ಸಂಘ ಮೋಟಾರಿನವರ ಕೈಸೇರಿತು. ಹೀಗೆ ಒಂದೇ ಮನೆಯಲ್ಲಿ ಹುಟ್ಟಿದ ಎರಡು ವಾಹನಗಳ ನಡುವೆ ಬಿರುಕು ಬಿಟ್ಟದ್ದು ಯಾವಾಗ, ಯಾಕೆ ಎಂಬುದೇ ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ. ಕಾರಿನ ಬಗ್ಗೆ ಸವಾರರ ನಿಲುವನ್ನು ರೂಪಿಸುವುದು ರಸ್ತೆಯಲ್ಲಿ ಅವರಿಗೆ ಉಳಿದಿರುವ ಜಾಗ ಮತ್ತು ಪಕ್ಕದಲ್ಲೇ ಹಾದುಹೋಗುವ ವಾಹನದ ವೇಗ. ನಿಲುವನ್ನು ಅಳೆಯಲು ಹೊರಡುವವರು ಮೊದಲು ರಸ್ತೆಯನ್ನು ಅಳೆಯಬೇಕು ಎಂಬುದು ನನ್ನ ವಾದ.

ಬ್ರಿಟನ್ನಿನ ಪ್ರಸಂಗವನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. 1930ರ ಕಾಯ್ದೆ ಕಾರುಗಳ ಮೇಲಿದ್ದ ಗಂಟೆಗೆ 20 ಮೈಲಿ ವೇಗದ ಮಿತಿಯನ್ನು ತೆಗೆದುಹಾಕಿತು. 1934ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 7,300ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಡಿಸೆಂಬರಿನಲ್ಲಿ ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಸೈಕಲ್ಲಿಗೆಂದೇ ಕಟ್ಟಿಸಿದ ಎರಡೂವರೆ ಮೈಲಿ ಉದ್ದದ ಪಥವನ್ನು ಉದ್ಘಾಟಿಸಿದರು. ಸವಾರರು ಹಿಗ್ಗಬೇಕಿತ್ತು. ಆದರೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಅದನ್ನು ಬಲವಾಗಿ ವಿರೋಧಿಸಿತು. ಇವತ್ತು ಬದಿಗೊಂದು ಪಟ್ಟಿ ಕೊಟ್ಟವರು ನಾಳೆ ದೊಡ್ಡ ರಸ್ತೆಯಿಂದಲೇ ತಮ್ಮನ್ನು ಹೊರಗಟ್ಟುತ್ತಾರೆ ಎಂಬುದು ಅವರ ಭಯ. ಈ ವಿರೋಧವನ್ನು ಹಠಮಾರಿತನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಾವೇ ಹೋರಾಡಿ ಸರಿಮಾಡಿಸಿಕೊಂಡ ರಸ್ತೆಯ ಹಕ್ಕನ್ನು ಬಿಟ್ಟುಕೊಡಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ.

ಇದೇ ಪ್ರಶ್ನೆ ನೆದರ್ಲೆಂಡ್ಸ್‌ನಲ್ಲಿ ಬೇರೆ ದಾರಿ ಹಿಡಿಯಿತು. ಡಚ್ಚರದು ಹುಟ್ಟಾ ಸೈಕಲ್ ಸಂಸ್ಕೃತಿ, ಅದಕ್ಕೇ ಅವರಿಗೆ ಇದೆಲ್ಲ ಸಾಧ್ಯವಾಯಿತು ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಆ ದೇಶವೂ ಕಾರಿನ ಹಿಂದೆಯೇ ಓಡಿತ್ತು. 1960ರಲ್ಲಿ ಸುಮಾರು 5 ಲಕ್ಷವಿದ್ದ ಕಾರುಗಳು 1970ರ ಹೊತ್ತಿಗೆ ಸುಮಾರು 25 ಲಕ್ಷವಾದವು. ರಸ್ತೆ ಅಗಲ ಮಾಡಲು ಹಳೆಯ ಬಡಾವಣೆಗಳು ನೆಲಸಮವಾದವು, ಊರ ನಡುವಿನ ಚೌಕಗಳು ಕಾರು ನಿಲ್ಲಿಸುವ ಮೈದಾನಗಳಾದವು. ಸೈಕಲ್ ಬಳಕೆ ಕುಸಿಯಿತು. 1883ರಲ್ಲಿ ಸೈಕಲ್ ಸವಾರರೇ ಕಟ್ಟಿದ್ದ ಎಎನ್‌ಡಬ್ಲ್ಯುಬಿ ಸಂಘ ಆ ವೇಳೆಗೆ ದೇಶದ ದೊಡ್ಡ ಕಾರು ಮಾಲೀಕರ ಸಂಘವಾಗಿ ಬದಲಾಗಿತ್ತು.

1971ರಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಆರು ವರ್ಷದ ಮಗಳೂ ಆ ವರ್ಷ ಕಾರಿಗೆ ಸಿಕ್ಕಿ ತೀರಿಕೊಂಡಳು. ಮರುವರ್ಷ ಅವರು ‘ಡೆ ಟೈಡ್’ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹವೇ ‘ಮಕ್ಕಳ ಕೊಲೆ ನಿಲ್ಲಿಸಿ’. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿಕೊಂಡಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟ್ಟೆನ್ ಮುಂದೆ ಯುರೋಪಿಯನ್ ಸಂಸತ್ತಿನ ಸದಸ್ಯರಾದರು. ಆಮ್‌ಸ್ಟರ್‌ಡಾಮಿನ ಡೆ ಪೈಪ್ ಎಂಬ ಇಕ್ಕಟ್ಟಿನ ಬಡಾವಣೆಯಲ್ಲಿ ಮಕ್ಕಳೇ ಬೀದಿಗೆ ಅಡ್ಡಗಟ್ಟಿ, ಆಡಲು ಜಾಗ ಬಿಡಿ ಎಂದು ಕೇಳಿದರು. ತಡೆದು ನಿಲ್ಲಿಸಿದ್ದಕ್ಕೆ ಕೆಲವು ಕಾರಿನವರು ಸಿಡಿಮಿಡಿಗೊಂಡು ಜಗಳಕ್ಕೇ ಬಂದರು.

ಅದರ ಬೆನ್ನಿಗೇ ತೈಲ ಬಿಕ್ಕಟ್ಟು ಬಂತು. 1973ರ ನವೆಂಬರ್ 4ರಿಂದ ಮರುವರ್ಷದ ಜನವರಿ ಮೊದಲ ವಾರದವರೆಗೆ ಭಾನುವಾರಗಳಂದು ಕಾರು ಹೊರತೆಗೆಯುವಂತಿರಲಿಲ್ಲ. ಹೆದ್ದಾರಿಗಳ ಮೇಲೆ ಜನ ನಡೆದರು, ಸೈಕಲ್ ತುಳಿದರು, ಸ್ಕೇಟು ಕಟ್ಟಿಕೊಂಡು ಓಡಿದರು. ಪ್ರಚಾರಪತ್ರಗಳು ವರ್ಷಗಟ್ಟಲೆ ಹೇಳಿಯೂ ತಿಳಿಸಲಾಗದ್ದನ್ನು ಆ ಕೆಲವು ಭಾನುವಾರಗಳು ತಿಳಿಸಿದವೆಂದೇ ನಾನು ನಂಬುತ್ತೇನೆ. ಕಾರಿಲ್ಲದ ರಸ್ತೆಯಲ್ಲಿ ತಮ್ಮದೇ ಊರು ಹೇಗಿರುತ್ತದೆ ಎಂಬುದನ್ನು ಕಾರಿದ್ದವರೂ ಕಂಡರು. 1975ರಲ್ಲಿ ಸವಾರರು ತಮ್ಮದೇ ಹೊಸ ಸಂಘ ಕಟ್ಟಿಕೊಂಡರು. ಇಂದಿನ ಫಿಯೆಟ್ಸರ್ಸ್‌ಬಾಂಡ್ ಅದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಚಳವಳಿಗೆ ಇಳಿದವರಲ್ಲಿ ಎಷ್ಟೋ ಜನರ ಮನೆಗಳ ಮುಂದೆ ಕಾರು ನಿಂತಿತ್ತು. ಅಪ್ಪ ಕಾರಿನಲ್ಲಿ ಕೆಲಸಕ್ಕೆ, ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಸಂಸಾರಗಳವು. ಹಾಗಾಗಿ ಅವರ ಕೋಪ ಕಾರು ಇಟ್ಟುಕೊಂಡವರ ಮೇಲೆ ತಿರುಗಲಿಲ್ಲ, ಬೀದಿ ಕಟ್ಟಿದ ರೀತಿಯ ಮೇಲೆ ತಿರುಗಿತು. ಬೇಡಿಕೆಗಳೂ ಅಷ್ಟೇ ಖಚಿತವಾಗಿದ್ದವು: ಈ ತಿರುವಿನಲ್ಲಿ ವೇಗ ಇಳಿಯಬೇಕು, ಈ ಶಾಲೆಯ ಮುಂದೆ ದಾಟಲು ಜಾಗ ಬೇಕು.

ಗ್ರೋನಿಂಗೆನ್ ನಗರ 1977ರ ಸೆಪ್ಟೆಂಬರಿನಲ್ಲಿ ಮಾಡಿದ ಕೆಲಸ ಇದಕ್ಕೆ ತಕ್ಕ ಉದಾಹರಣೆ. ಇಪ್ಪತ್ತರ ಹರೆಯದಲ್ಲೇ ನಗರಾಡಳಿತಕ್ಕೆ ಬಂದ ಮಾಕ್ಸ್ ಫಾನ್ ಡೆನ್ ಬರ್ಗ್ ಅವರ ಮುಂದಾಳತ್ವದಲ್ಲಿ ಊರಿನ ಒಳಭಾಗವನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿನಿಂದ ಪಕ್ಕದ ಪಾಲಿಗೆ ಕಾರಿನಲ್ಲಿ ನೇರವಾಗಿ ದಾಟುವಂತಿಲ್ಲ. ಹೊರಸುತ್ತಿನ ರಸ್ತೆಗೆ ಬಂದು ಬಳಸಿಕೊಂಡು ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ಸೈಕಲ್ಲಿಗೆ ಮಾತ್ರ ನೇರ ದಾರಿ. ಕಾರನ್ನು ಯಾರೂ ನಿಷೇಧಿಸಲಿಲ್ಲ, ಅದರ ದಾರಿಯನ್ನು ಉದ್ದ ಮಾಡಿದರು, ಅಷ್ಟೆ. ಅಂಗಡಿಯವರು ವ್ಯಾಪಾರ ಬಿದ್ದುಹೋಗುತ್ತದೆಂದು ಗಲಾಟೆ ಮಾಡಿದರು, ಯೋಜನೆ ಉಳಿಯಿತು. ಇಂದು ಗ್ರೋನಿಂಗೆನ್ ಜಗತ್ತಿನ ಹೆಸರಾಂತ ಸೈಕಲ್ ನಗರಗಳಲ್ಲಿ ಒಂದು.

ಕಾನೂನೂ ಜೊತೆಗೂಡಿತು. ಡಚ್ ರಸ್ತೆ ಸಂಚಾರ ಕಾಯ್ದೆಯ 185ನೇ ವಿಧಿಯ ಪ್ರಕಾರ ಕಾರು ಸೈಕಲ್ಲಿಗೆ ಡಿಕ್ಕಿಯಾದರೆ ನಷ್ಟದ ಹೊಣೆ ಮೊದಲು ಕಾರಿನ ಕಡೆಗೇ ಬರುತ್ತದೆ. ವಯಸ್ಕ ಸವಾರರದು ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧದಷ್ಟಾದರೂ ಪರಿಹಾರ ಸಿಗುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಪೂರ್ತಿ. ದೊಡ್ಡ ವಾಹನಕ್ಕೆ ದೊಡ್ಡ ಹೊಣೆ ಎಂಬ ಈ ತತ್ವ ಚಾಲಕರ ಅಭ್ಯಾಸದೊಳಗೂ ಇಳಿದಿದೆ. ನಿಂತ ಕಾರಿನ ಬಾಗಿಲನ್ನೇ ನೋಡಿ. ಬಾಗಿಲ ಕಡೆಯ ಕೈಯಿಂದ ಥಟ್ಟನೆ ತೆರೆದರೆ ಹಿಂದಿನಿಂದ ಬರುವ ಸೈಕಲ್ ಕಾಣುವುದಿಲ್ಲ, ಸವಾರ ಬಾಗಿಲಿಗೆ ಬಡಿದು ರಸ್ತೆಗೆ ಬೀಳುತ್ತಾನೆ. ಆಚೆಯ ಕೈಯನ್ನು ಚಾಚಿ ತೆರೆದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಯನ್ನು ದಾಟಿ ಹಿಂದಿನ ರಸ್ತೆಗೆ ಹೋಗುತ್ತದೆ. ಡಚ್ಚರ ಅಭ್ಯಾಸವೆಂದೇ ಹೆಸರಾದ ಇದನ್ನು ಬ್ರಿಟನ್ 2022ರಲ್ಲಿ ತನ್ನ ಹೈವೇ ಕೋಡಿಗೂ ಸೇರಿಸಿಕೊಂಡಿತು.

ಇಷ್ಟಾಗಿಯೂ ಡಚ್ಚರು ಕಾರು ಬಿಟ್ಟಿಲ್ಲ. ಸುಮಾರು ಇಬ್ಬರಿಗೊಂದು ಕಾರಿನ ಲೆಕ್ಕ ಅಲ್ಲಿದೆ. ಸೈಕಲ್ಲುಗಳಂತೂ ಜನಸಂಖ್ಯೆಗಿಂತ ಹೆಚ್ಚು. ಒಟ್ಟು ಓಡಾಟದಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಸೈಕಲ್ಲಿನದು. ಒಬ್ಬರೇ ಬೆಳಿಗ್ಗೆ ಸವಾರರು, ಸಂಜೆ ಚಾಲಕರು. ಕಾರನ್ನು ದ್ವೇಷಿಸುವುದೂ ಪೂಜಿಸುವುದೂ ಅಲ್ಲಿ ಅಪರೂಪವಾಗಲು ಇದೇ ಕಾರಣ.

ನಮ್ಮಲ್ಲಿಗೆ ಬಂದರೆ ಚಿತ್ರ ಬೇರೆ. 2011ರ ಜನಗಣತಿಯಲ್ಲಿ ದೇಶದ ಶೇಕಡಾ 44.8 ಮನೆಗಳಲ್ಲಿ ಸೈಕಲ್ ಇತ್ತು, ಕಾರಿದ್ದದ್ದು ಶೇಕಡಾ 4.7 ಮನೆಗಳಲ್ಲಿ. ಇಲ್ಲಿ ಸವಾರ ಒಬ್ಬ, ಚಾಲಕ ಇನ್ನೊಬ್ಬ. ಆಡಳಿತ ಸವಾರನನ್ನು ನೋಡಿದ ಬಗೆಯೂ ಬೇರೆ: ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಿಕೊಂಡದ್ದು, ರಾತ್ರಿ ದೀಪವಿಲ್ಲವೆಂದೋ ಡಬಲ್ಸ್ ಹೊಡೆದನೆಂದೋ ಪೊಲೀಸರ ಕೈಗೆ ಸಿಕ್ಕಿಬಿದ್ದದ್ದು ಹಳಬರಿಗೆ ನೆನಪಿದೆ. ವಾಹನಗಳಿಗಿಂತ ಜನರ ಸಂಚಾರ ಮುಖ್ಯ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇನೋ ಹೇಳಿತು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ಹಂಚಿಕೆ ಯೋಜನೆ ಬಂತು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಅದರೊಳಗೆ ಬೈಕುಗಳು ನುಗ್ಗಿದವು, ಮೆಟ್ರೋ ಕಾಮಗಾರಿ ಬಂದ ಮೇಲೆ ಅದು ಬಹಳ ಕಡೆ ಅಳಿಸಿಹೋಯಿತು.

ನಮ್ಮಲ್ಲಿ ಸವಾರರ ಅಭಿಪ್ರಾಯ ಎಂದು ಕೇಳಿಬರುವುದು ಹೆಚ್ಚಾಗಿ ಗೇರ್ ಸೈಕಲ್ಲಿನ, ಹೆಲ್ಮೆಟ್ ತೊಟ್ಟ ನೌಕರವರ್ಗದ ಮಾತು. ಮನೆಯಲ್ಲಿ ಕಾರಿಟ್ಟುಕೊಂಡೇ ಕಾರನ್ನು ವಿಮರ್ಶಿಸುವ ಇವರ ನಿಲುವು ಎಪ್ಪತ್ತರ ದಶಕದ ಡಚ್ಚರಿಗೆ ಹತ್ತಿರದ್ದು, ಬೆಲೆಯುಳ್ಳದ್ದು. ಆದರೆ ಕರಿ ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಹೊರಡುವವನ, ರಾತ್ರಿ ಪಾಳಿ ಮುಗಿಸಿ ಪೀಣ್ಯದಿಂದ ಮನೆ ಕಡೆ ತುಳಿಯುವ ಸೆಕ್ಯುರಿಟಿಯವನ ಮಾತು ಎಲ್ಲೂ ದಾಖಲಾಗುತ್ತಿಲ್ಲ. ಇಂಥವರ ಆಸೆ ಸಾಲ ಮಾಡಿಯಾದರೂ ಒಂದು ಎಕ್ಸ್‌ಎಲ್ ಮೊಪೆಡ್ ಕೊಳ್ಳುವುದು. ಇದನ್ನು ಮೋಟಾರಿನ ಮೋಹ ಎನ್ನುವುದು ತಪ್ಪು. ರಸ್ತೆಯ ಅಂಚಿನ ಮರಳಲ್ಲಿ ಚಕ್ರ ಜಾರುವಾಗ ಬೆನ್ನ ಹಿಂದೆ ಹಾರ್ನ್ ಕೇಳಿ ಮೋರಿಯ ಕಡೆಗೆ ಸರಿಯಬೇಕಾದ ನಿತ್ಯದ ಅವಮಾನದಿಂದ ಪಾರಾಗುವ ದಾರಿ ಅದು. ಕಾನೂನು ನಮ್ಮಲ್ಲೂ ಇದೆ: ಮೋಟಾರು ವಾಹನ ಕಾಯ್ದೆಯ 164ನೇ ಕಲಮು ತಪ್ಪು ಯಾರದೆಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪರಿಹಾರ ಕೊಡಿಸುತ್ತದೆ. ಅದು ಅಪಘಾತವಾದ ಮೇಲಿನ ಮಾತು. ಬದುಕಿ ಮನೆ ಸೇರುವ ಮಾತು ರಸ್ತೆಯ ವಿನ್ಯಾಸದ್ದು.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ ವಿಭಾಗಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಂಚಾರ ಸಮೀಕ್ಷೆಯನ್ನು ಕಾರ್ಖಾನೆಯ ಗೇಟುಗಳಲ್ಲಿ, ತರಕಾರಿ ಮಂಡಿಗಳಲ್ಲಿ, ಪತ್ರಿಕೆ ಹಂಚುವ ಹುಡುಗರು ಸೇರುವ ಬಸ್ ನಿಲ್ದಾಣಗಳಲ್ಲಿ ಮಾಡಿ, ಅವರಾಡುವ ಭಾಷೆಯಲ್ಲಿ ಮಾಡಿ. ಕಾರಿನ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಕೇಳುವ ಮೊದಲು, ಯಾವ ಸರ್ಕಲ್ ದಾಟಲು ಹೆದರುತ್ತೀರಿ, ಎಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತೀರಿ ಎಂದು ಕೇಳಿ, ಆ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ಪಾಲಿಕೆಯ ಮುಂದಿಡಿ.