ಒಂದು ಗೆರೆ, ಎರಡು ಗೆರೆ: ಬಸುರಿನ ಸುದ್ದಿ ಮೊದಲು ಯಾರಿಗೆ?

ಇವತ್ತಿನ ಮಾತು ಪುಣೆಯ ಒಂದು ಮನೆಯಿಂದ ಶುರು. 1863ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಇಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಬಸುರಿಯಾದ ವಿಧವೆಯರು ಗುಟ್ಟಾಗಿ ಬಂದು ಹೆರಬಹುದಾದ ಜಾಗ ಅದು. 1874ರಲ್ಲಿ ಈ ದಂಪತಿ ದತ್ತು ತೆಗೆದುಕೊಂಡ ಯಶವಂತನೂ ಒಬ್ಬ ವಿಧವೆಯ ಮಗನೇ.

ಈಗ ಯೋಚಿಸಿ. ಆ ಹೆಣ್ಣುಮಗಳಿಗೆ ತಾನು ಬಸುರಿ ಅಂತ ಖಚಿತವಾಗ್ತಿದ್ದದ್ದು ಹೇಗೆ? ಮುಟ್ಟು ನಿಲ್ಲಬೇಕು, ವಾಕರಿಕೆ ಬರಬೇಕು, ಕೊನೆಗೆ ಹೊಟ್ಟೆಯಲ್ಲಿ ಮಗು ಮಿಸುಕಬೇಕು. ಅಷ್ಟು ಹೊತ್ತಿಗೆ ನೆರೆಮನೆಯವರಿಗೂ ಅನುಮಾನ ಬಂದಿರುತ್ತಿತ್ತು.

1920ರ ದಶಕದ ಕೊನೆಗೆ ಬರ್ಲಿನ್‌ನಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಒಂದು ಪರೀಕ್ಷೆ ಕಂಡುಹಿಡಿದರು. ಹೆಂಗಸಿನ ಮೂತ್ರವನ್ನು ಹೆಣ್ಣು ಇಲಿಮರಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಅದನ್ನು ಕೊಯ್ದು ಅಂಡಾಶಯ ನೋಡೋದು. ಉತ್ತರ ಬೇಗ ಸಿಕ್ಕಿತು, ಆದರೆ ಮೊದಲು ತಿಳಿಯುತ್ತಿದ್ದದ್ದು ಪ್ರಯೋಗಾಲಯಕ್ಕೆ. 1967ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರಲ್ಲಿ ವಿನ್ಯಾಸಕಿಯಾಗಿದ್ದ ಮಾರ್ಗರೆಟ್ ಕ್ರೇನ್, ಇದನ್ನು ಮನೆಯಲ್ಲೇ ಮಾಡಬಹುದಲ್ಲ ಅಂದುಕೊಂಡು ಮೊದಲ ಕಿಟ್‌ನ ಮಾದರಿ ಮಾಡಿದಳು.

ಒಂದು ಸ್ವಾರಸ್ಯ ನೋಡಿ. 1978ರಲ್ಲಿ ಅಮೆರಿಕದಲ್ಲಿ ಜಾಹೀರಾತಾದ ಕಿಟ್‌ನಲ್ಲಿ 'ಹೌದು' ಅನ್ನೋ ಉತ್ತರ ನೂರಕ್ಕೆ 97ರಷ್ಟು ನಿಜ, 'ಇಲ್ಲ' ಅನ್ನೋದು ಬರೀ 80ರಷ್ಟು. ಕಿಟ್ ಈಗ ಬಹಳ ಸುಧಾರಿಸಿದೆ. ಆದರೂ ಅವಸರದ 'ಇಲ್ಲ'ವನ್ನು ಇವತ್ತಿಗೂ ನಂಬೋ ಹಾಗಿಲ್ಲ. ಕಾರಣ ಸರಳ: ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೇ ಎಚ್‌ಸಿಜಿ ಹಾರ್ಮೋನ್ ಮೂತ್ರಕ್ಕೆ ಬರುತ್ತೆ. ಶುರುವಿನಲ್ಲಿ ಅದು ಎರಡು-ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತೆ.

ಹಾಗಾಗಿ ಮುಟ್ಟಿನ ದಿನ ದಾಟಲಿ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಪೊಟ್ಟಣದಲ್ಲಿ ಬರೆದಷ್ಟು ನಿಮಿಷದೊಳಗೆ ಓದಿ. ಗಂಟೆಗಟ್ಟಲೆ ಬಿಟ್ಟು ನೋಡಿದರೆ ಸುಳ್ಳು ಗೆರೆ ಕಾಣಬಹುದು. ಒಂದೇ ಗೆರೆ ಬಂದು, ಮುಟ್ಟೂ ಬರದಿದ್ದರೆ ವಾರ ಬಿಟ್ಟು ಮತ್ತೆ ನೋಡಿ. ಮುಟ್ಟು ಕ್ರಮವಾಗಿಲ್ಲದವರು ಕೂಡಿದ ದಿನದಿಂದ ಮೂರು ವಾರ ಎಣಿಸಿ. ಹೊಟ್ಟೆಯ ಒಂದು ಬದಿ ಜೋರು ನೋವು, ರಕ್ತಸ್ರಾವ, ತಲೆಸುತ್ತು ಇದ್ದರೆ ಗೆರೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಈಗ ಆಶಾ ಕಾರ್ಯಕರ್ತೆಯರ ಹತ್ತಿರವೂ ಕಿಟ್ ಸಿಗುತ್ತೆ. ಫುಲೆ ದಂಪತಿಯ ಬಾಗಿಲಿಗೆ ಬಂದವಳಿಗೆ ಉಳಿದಿದ್ದ ದಾರಿ ಒಂದೇ. ಇವತ್ತು ಸುದ್ದಿ ಮೊದಲು ಅವಳಿಗೇ ಗೊತ್ತಾಗುತ್ತೆ. ಯಾರಿಗೆ ಹೇಳಬೇಕು, ಮುಂದೇನು ಅಂತ ಯೋಚಿಸೋಕೆ ಸಮಯವೂ ಇರುತ್ತೆ. ಒಂದು ವಾರ ಕಾದು ನೋಡೋದು ಅದಕ್ಕೇ.